ನಾಲ್ಕ ಸುತ್ತು

ದಿನಾ ನಾಲ್ಕ ಸಾವಿರ ಹೆಜ್ಜಿ ಅಂದ್ರು ಡಾಕ್ಟರು,
ಸಕ್ಕರಿ ಚೀಟಿ ನೋಡಿ.
ಪಾರ್ಕಿನ್ಯಾಗ ಕೈ ಎತ್ತಿ ಹ್ಹಾ ಹ್ಹಾ ಅಂತ ನಗೂ ಮಂದಿ,
ನಕ್ಕ ಮ್ಯಾಲೆ ನನ್ನ ಪೆನ್ಶನ್ ಎಷ್ಟು ಅಂತ ಕೇಳೂ ಮಂದಿ.
ಹಂಗಾಗಿ ನಾನು ರೈಲ್ವೆ ಕಾಲನಿ ದಾಟಿ
ಹಳೇ ಗೋರಿಗೋಳ ಕಡೆ ಬರ್ತೀನಿ.

ಗೇಟಿನ ಕೀಲಿ ದೇವದಾನಪ್ಪನ ಉಡದಾರದಾಗ.
"ಇವತ್ತ ತಡಾ ಆತಲ್ರಿ ಅಕ್ಕಾರ" ಅಂತಾನ,
ಒಳಗಿನವರು ದಾರಿ ಕಾಯಾಕತ್ತಾರ ಅನ್ನೂ ಹಂಗ.
ಅವನ ಆಡು ಶಿಲುಬಿ ನೆರಳಾಗ ಮಲಗಿ
ಮೆಲುಕು ಹಾಕತಿರತೈತಿ.

ಬೇವಿನ ಕೆಳಗಿನ ಸಾಲು: ಇಬ್ಬರು ಡ್ರೈವರು, ಒಬ್ಬ ಫಿಟ್ಟರು,
ಬಾಯ್ಲರ್ ಒಡೆದು ಒಂದ ದಿನ ಹೋದ ಅಣ್ಣತಮ್ಮರು.
ಸೀಸದ ಅಕ್ಷರ ಯಾರೋ ಕಿತ್ತು ಒಯ್ದಾರ, ತೂತು ಉಳದಾವು.
ತೂತಿನ ಮ್ಯಾಲೆ ಬೆರಳಾಡಿಸಿದ್ರ ಹೆಸರು ಸಿಗತೈತಿ.

ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನ್ಯಾಗ ಕುಂತಾಕಿ ನಾನು.
ಮೀರಜ, ಗುಂತಕಲ್, ಕಾರವಾರ.
ಊರಮಂದಿ ಸತ್ತ ಸುದ್ದಿ ನನ್ನ ಕಿವಿ ಹಾದ ಹೋಗ್ಯಾವು.
ಮೂರು ನಿಮಿಷಕ್ಕೊಮ್ಮೆ ನಡುವ ಬಾಯಿ ಹಾಕಿ
"ಟೈಮ್ ಆತು, ಮುಂದುವರಸಲೇನ್ರಿ?" ಅಂತಿದ್ದೆ.
ಅಳೋರಿಗೂ ಅಂದೇನಿ.

ಇಲ್ಲಿ ಯಾರಿಗೂ ಟೈಮ್ ಹೇಳೂದಿಲ್ಲ.
ಎರಡನೇ ಸುತ್ತಿಗೆ ಮೊಣಕಾಲು ಸುಮ್ಮನಾಗತೈತಿ.
ಹೆಸರು ಗೊತ್ತಿಲ್ಲದ ಉದ್ದ ಬಾಲದ ಹಕ್ಕಿ
ಲೂಸಿಯ ಕಲ್ಲಿನ ಮ್ಯಾಲೆ ಬಾಲಾ ಕುಣಸತೈತಿ.
ಲೂಸಿಗೆ ಹನ್ನೊಂದು ತಿಂಗಳು. ಪ್ಲೇಗಿನ ವರ್ಷ.

ಗೌರಿ ಹುಣ್ಣಿವಿಯಾಗ ಉಳಿದಿದ್ದ ಒಂದು ಸಕ್ಕರಿ ಆರತಿ,
ಗುಲಾಬಿ ಬಣ್ಣದ ಒಂಟಿ,
ನಂಗಂತೂ ತಿನ್ನೂ ಹಂಗಿಲ್ಲ, ತಂದು ಆಕಿ ತಲಿಕಡೆ ಇಟ್ಟೆ.
ಮರುದಿನ ನೋಡಿದ್ರ ಒಂಟಿಯ ಕಾಲು ನಾಲ್ಕೂ ಇಲ್ಲ.
ಅದರ ಮರುದಿನ ಇರಿವಿಯ ಸಾಲು ಅಷ್ಟ.

ಮೂರನೇ ಸುತ್ತಿನ್ಯಾಗ ಸ್ಟೇಶನ್ ಕಡಿಂದ ಹಾರ್ನ್ ಕೇಳತೈತಿ.
ನಾನು ಡ್ರೈವರುಗಳ ಕಡೆ ಒಮ್ಮೆ ನೋಡ್ತೀನಿ,
ಸುಳ್ಳು ಯಾಕ ಹೇಳಲಿ, ದಿನಾ ನೋಡ್ತೀನಿ.

"ನೀವು ಸುಡೂ ಪೈಕಿನೋ, ಹೂಳೂ ಪೈಕಿನೋ?"
ದೇವದಾನಪ್ಪ ಇವತ್ತ ಕೇಳಿದ, ಕಸಾ ಹೊಡೀತಾ.
"ಹೂಳೂ ಪೈಕಿ. ಆದ್ರ ಮಲಗಸೂದಿಲ್ಲ, ಕುಂದ್ರಸ್ತಾರ,
ಚಕ್ಕಳಬಕ್ಕಳ ಹಾಕಿಸಿ."
ಕಸಬರಗಿ ನಿಲ್ಲಿಸಿ ನನ್ನ ಕಾಲು ನೋಡಿದ:
"ಅಯ್ಯ, ಈ ಮೊಣಕಾಲ ಇಟಗೊಂಡು?"

ಅಷ್ಟು ಜೋರ ನಕ್ಕೆ, ಆಡು ಎದ್ದು ನಿಂತಿತು.
ಪಾರ್ಕಿನವರಿಗೆ ಕೇಳಿದ್ರೂ ಕೇಳಿರಬೇಕು.
ಕಣ್ಣು ಒರಸಿಕೊಂಡು ನೋಡ್ತೀನಿ, ಆರೂಕಾಲು,
ಅವ ಕೀಲಿ ಬಿಚ್ಚಾಕತ್ತಾನ.
ತಡೀಯೋ ಮಾರಾಯಾ,
ಇನ್ನೂ ಒಂದು ಸುತ್ತು ಬಾಕಿ ಐತಿ.