ಬಾಟಲಿ ಮೂವತ್ತೊಂದು

ಇದು ಮೀನಿನ ಬಲೆಯಲ್ಲ.
ಹಿಟ್ಟಿನ ಜರಡಿಗಿಂತ ಸಣ್ಣ ಕಣ್ಣು,
ನೀರಿಗಿಳಿದರೆ ಬಿಳಿ ಲಂಗದಂತೆ ಉಬ್ಬಿ
ದೋಣಿಯ ಹಿಂದೆ ಹಿಂದೆ ಬರುತ್ತದೆ.
‘ಇಷ್ಟುದ್ದ ಬಲೆ, ಒಂದು ಬಂಗಡೆಗೂ ಗತಿಯಿಲ್ಲ’
ಕಾಯ್ತಾನನ ತಮಾಷೆ, ಹನ್ನೊಂದು ವರ್ಷದಿಂದ ಅದೇ.
ನನ್ನ ಉತ್ತರವೂ ಅದೇ:
ಬಂಗಡೆಯ ಬುತ್ತಿ ಬಿಚ್ಚಿ ನೋಡುತ್ತಿದ್ದೇವೆ ಮಾರಾಯ,
ಸುಮ್ಮನೆ ಚುಕ್ಕಾಣಿ ಹಿಡಿ.

ಎಳ್ಳಿಗಿಂತ ಕಿರಿದು ಮೈ. ಒಂದೇ ಕಣ್ಣು.
ಮೀಸೆಯೇ ಹುಟ್ಟು.
ತಾಯಂದಿರಿಗೆ ಸೊಂಟದ ಎಡಬಲಕ್ಕೆ ಮೊಟ್ಟೆಯ ಜೋಳಿಗೆ.
ಹಗಲೆಲ್ಲ ಕೆಳಗೆ ಕತ್ತಲಲ್ಲಿ ಅಡಗಿ
ದೀಪ ಹಚ್ಚುವ ಹೊತ್ತಿಗೆ ಹೊರಡುತ್ತವೆ ಮೇಲಕ್ಕೆ, ಮೇವಿಗೆ;
ಕೋಳಿ ಕೂಗುವುದರೊಳಗೆ ವಾಪಸು.
ದಿನಾ. ಯಾರೂ ಹಾಜರಿ ಕರೆಯದೆ.

ಅವ್ವನೂ ಹೀಗೇ ಹೋಗುತ್ತಿದ್ದಳು
ಮುರಗಾವ್ ಬಂದರಿಗೆ, ರಾತ್ರಿಪಾಳಿಗೆ,
ಅದಿರು ಗುಡಿಸಲು.
ನಸುಕಿನಲ್ಲಿ ಬೈನಾದ ಜೋಪಡಿಗೆ
ಕೆಮ್ಮು ಮೊದಲು ಬರುತ್ತಿತ್ತು,
ಕೆಂಪು ಪಾದ ಆಮೇಲೆ.
ಈಗ ನಾನು ಕನ್ನಡಕ ಏರಿಸಿ ಕುಳಿತರೆ ಕೇಳುತ್ತಾಳೆ:
‘ನೀರಾಗ ಏನ ಎಣಸ್ತಿ ಅಷ್ಟ?
ಅಕ್ಕ್ಯಾಗಿನ ಹಳ್ಳ ಆರಿಸಿಕೊಡ, ಪುಣ್ಯ ಬರತೈತಿ.’

ಎಣಿಸುತ್ತೇನೆ. ಗಾಜಿನ ತಟ್ಟೆ, ಸೂಜಿ,
ಹೆಬ್ಬೆರಳ ಕೆಳಗೆ ಟಿಕ್ ಟಿಕ್ ಎನ್ನುವ ಯಂತ್ರ.
ಫಾರ್ಮಲಿನ್ನಿಗೆ ಕಣ್ಣು ಉರಿದು ನೀರು ಬಂದರೆ
ಅಳುತ್ತಿದ್ದೇನೆ ಅಂದುಕೊಳ್ಳುತ್ತಾರೆ ಹೊಸ ಹುಡುಗಿಯರು.
ಮೊದಲ ಮಳೆಗೆ ಗಣಿಯ ಕೆಸರು ಇಳಿದ ವರ್ಷ
ತಟ್ಟೆಯ ತುಂಬ ಇಟ್ಟಿಗೆಪುಡಿ, ಜೀವ ಅಲ್ಲೊಂದು ಇಲ್ಲೊಂದು.
ಒಂದು ಫೆಬ್ರವರಿ ಸಮುದ್ರವೇ ಹಸಿರು ಗಂಜಿಯಾಗಿ
ಬಲೆ ಎತ್ತಿದರೆ ಬರೀ ಲೋಳೆ.
ಬರೆದಿಟ್ಟೆ. ಖಾತೆಗಳಲ್ಲಿ ಇವೆ.
ಕೆಟ್ಟದ್ದು ಕೆಟ್ಟದ್ದರಂತೆಯೇ ಕಂಡರೆ
ಬರೆಯುವುದು ಸುಲಭ.

ಮೂವತ್ತೊಂದು ಹಾಗಲ್ಲ.
ಸೆಪ್ಟೆಂಬರಿನ ನಡುಹಗಲು, ಜುವಾರಿಯ ಬಾಯಿ ದಾಟಿ,
ನೆತ್ತಿ ಸುಡುವ ಬಿಸಿಲಿನ ಮೇಲ್ನೀರು.
ಆ ಹೊತ್ತಿಗೆ ಅಲ್ಲಿ ಹತ್ತೋ ಹನ್ನೆರಡೋ ಸಿಗಬೇಕು.
ತಟ್ಟೆಯ ತಳ ಕಾಣದಷ್ಟು ಇದ್ದವು.
ನಾಲ್ಕು ಸಾವಿರ ದಾಟಿ ಹೆಬ್ಬೆರಳು ಸೋತಿತು.
ಸಮೃದ್ಧಿ, ಅಂದರು ಪಕ್ಕದ ಮೇಜಿನವರು.
ನಾನು ತಳದ ನೀರಿನ ಬಾಟಲಿಯ ಮುಚ್ಚಳ ತೆಗೆದೆ:
ಕೊಳೆತ ಮೊಟ್ಟೆಯ ನಾತ.

ಕೆಳಗೆ ಉಸಿರಿಲ್ಲ.
ಏಣಿಯ ಕೆಳಗಿನ ಮೆಟ್ಟಿಲುಗಳನ್ನು ಯಾರೋ ಕಿತ್ತಿದ್ದಾರೆ.
ಮನೆಗೆ ಮರಳಲಾರದೆ
ಜೋಳಿಗೆ ಹೊತ್ತವರು, ಹೊರದವರು, ಎಲ್ಲ
ಬೆಳಕಿನಲ್ಲಿ ನಿಂತಿದ್ದಾರೆ,
ಬೈನಾ ಒಡೆದ ಬೆಳಗ್ಗೆ
ಪಾತ್ರೆ ಪಡಗ ಸಮೇತ ನಾವು ರಸ್ತೆಯಲ್ಲಿ ನಿಂತಂತೆ.
ಅಂದೂ ಬಸ್ಸಿನಿಂದ ಯಾರೋ ಇಣುಕಿ ಅಂದಿದ್ದರು:
ಅಬ್ಬಾ, ಎಷ್ಟೊಂದು ಜನ!

ಆ ವಾರ ದಡಕ್ಕೇ ಬಂತು ಬಂಗಡೆ.
ಹಿಂಡು ಹಿಂಡು, ಕೈಯಿಂದ ಬಾಚುವಷ್ಟು.
ಕಾಯ್ತಾನ್ ಮೂರು ದಿನದಲ್ಲಿ ಎಂಜಿನ್ನಿನ ಸಾಲ ತೀರಿಸಿ
ನಾಲ್ಕನೆಯ ದಿನ ಬುಟ್ಟಿ ಹೊತ್ತು ಬಾಗಿಲಿಗೆ ಬಂದ.
‘ನಿನ್ನ ಬುತ್ತಿಯ ಲೆಕ್ಕ ಈ ಸಲ ಸರಿ ಇದೆ, ಬಾಯ್.’
ಅವನ ನಗುವಿನ ಮುಂದೆ
ಆಮ್ಲಜನಕ ಎಂಬ ಶಬ್ದ ಬಾಯಿಗೆ ಬರಲಿಲ್ಲ.
ಮುಂದಿನ ವರ್ಷದ ಮಾತೂ.

ರಾತ್ರಿ ಅವ್ವ ಮೀನು ಸೀಳಿದಳು.
ಹೊಟ್ಟೆಯೊಳಗೆ ಹುಣಸೆಯ ಗೊಜ್ಜಿನಂಥ ಕಂದು ಮುದ್ದೆ.
ನನಗೆ ಗುರುತು ಸಿಕ್ಕಿತು.
ಅವಳು ಬೆರಳಿಂದ ತೆಗೆದು ನಲ್ಲಿಗೆ ಹಿಡಿದಳು.
ತಿಂದೆ. ರುಚಿಯಾಗಿತ್ತು, ಸುಳ್ಳು ಹೇಳಲಾರೆ;
ಮುರುಗಲ ಹುಳಿ ಸರಿಯಾಗಿ ಹಿಡಿದಿತ್ತು.
ಮಲಗಿದ ಮೇಲೆ ನೋಡಿದರೆ
ಹೊದಿಕೆಯ ಕೆಳಗೆ ಹೆಬ್ಬೆರಳು
ತನ್ನಷ್ಟಕ್ಕೆ ಒತ್ತುತ್ತಿದೆ.