ಸಪ್ಪಳಿಲ್ಲದ ಅಕ್ಷರದ ಬಾಕಿ

ಹುಮನಾಬಾದ ಬಸ್‌ಸ್ಟ್ಯಾಂಡಿನ ಹಿಂದ
ಡಾಕ್ಟರ್ ಬಿರಾದಾರರ ಹೊಸ ದವಾಖಾನಿ ಗ್ವಾಡಿಗೆ
ಏಣಿ ಹಚ್ಚಿ ನಿಂತೀನಿ, ಪೇಂಟರ್ ವೈಜಿನಾಥ.
ಅಕ್ಷರಕ್ಕ ನಲವತ್ತು ರೂಪಾಯಿ. ಬಣ್ಣ ನಂದೇ.

ಕಂಪೌಂಡರ್ ಝರೆಪ್ಪ ಓದಿ ಹೇಳಿದ್ದು 'ನೀ ಕ್ಲಿನಿಕ್'.
ನೀ ಅಂದ್ರ ನಮ್ಮಲ್ಲಿ ಎದುರಿಗೆ ನಿಂತಾವ,
ಅವರಲ್ಲಿ ಮೊಣಕಾಲು. ಇರಲಿ.
ಆದ್ರ ಚೀಟ್ಯಾಗ ಮೊದಲ ಅಕ್ಷರ ಕೆ.
"ಈ ಕೆ ಯಾಕ ಬಂತಪ್ಪ ನಡುವ?"
"ಅದು ಇರ್ತದ. ಅನಬಾರದು."
"ಬರಿಬೇಕು?"
"ಬರಿಬೇಕು. ಆದ್ರ ಅದಕ್ಕ ರೊಕ್ಕ ಕೇಳಬ್ಯಾಡ,
ಸಪ್ಪಳಿಲ್ಲದ್ದಕ್ಕ ಯಾನ್ ರೊಕ್ಕ?"

ಅದಕ್ಕೂ ಮೂರು ಗೆರಿ ಎಳೀಬೇಕು,
ಅದಕ್ಕೂ ಎರಡು ಕೈ ಕೆಂಪು ಹೊಡೀಬೇಕು,
ಮೂಕ ಅಂತ ಹೇಳಿ ಅದರ ಪಾಲಿನ ಬಿಸಲು
ನನ್ನ ನೆತ್ತಿಗೆ ಕಡಿಮಿ ಬೀಳ್ತದೇನು?

ನನಗ ನಾಕು ಭಾಷಿ ಬರ್ತಾವ.
ಕೂತು ಕಲಿತದ್ದು ಒಂದೂ ಅಲ್ಲ.
ಕನ್ನಡ, ಅವ್ವನ ಬೈಗುಳದ ಜೋಡಿ ಬಂತು.
ಉರ್ದು, ಖುದ್ದೂಸ್ ಉಸ್ತಾದರ ಬ್ರಶ್ ತೊಳಿತಾ ತೊಳಿತಾ
ಬಲದಿಂದ ಎಡಕ್ಕ, ಸೀಮೆಎಣ್ಣಿ ವಾಸನಿ ಹಿಡಕೊಂಡು.
ಜಹೀರಾಬಾದಿನಾಗ ಮೊಗುಲಮ್ಮನ ಅಂಗಡಿಗೆ
'ಬೆಲ್ಲಂ' ಬರಿಯಾಕ ಹೋಗಿ ಒತ್ತು ಬಿಟ್ಟೆ.
ಆಕಿ ಸೆರಗು ಬಾಯಿಗೆ ಹಿಡಿದು ನಕ್ಕು ನಕ್ಕು
ಒಂದು ಹೆಂಟಿ ಬೆಲ್ಲ ಕೈಯಾಗ ಇಟ್ಟಳು.
ಆ ಒತ್ತು ಇವತ್ತಿನ ತನಕ ತಪ್ಪಿಲ್ಲ ನನಗ.
ಮರಾಠಿ ಸಿಕ್ಕಿದ್ದು ಉದಗೀರದ ಖಾನಾವಳ್ಯಾಗ,
ಬಾಕಿ ಕೊಡದ ಮಾಲಕನ ಜೋಡಿ ಎರಡು ತಾಸು ಜಗಳ.
ಕಡೀಗೆ ರೊಕ್ಕ ಕೊಟ್ಟ, ಮ್ಯಾಲೊಂದು ಪ್ಲೇಟ್ ಪೋಹೆ,
ಅವನ ಭಾಷಿ ನನ್ನ ಬಾಯಾಗೇ ಉಳೀತು.

ಇಂಗ್ಲೀಷಿನಾಗ ಜಗಳಾಡಾಕ
ನನಗ ಯಾರೂ ಸಿಗಲಿಲ್ಲ.
ನಮ್ಮ ಓಣ್ಯಾಗ ಅದರಾಗ ಯಾರೂ ನೀರಿಗೆ ಪಾಳಿ ಹಚ್ಚಲಿಲ್ಲ,
ಕೂಸಿಗೆ ಲಾಲಿ ಹಾಡಲಿಲ್ಲ, ಹೆಣದ ಮುಂದ ಕೂತು ಅಳಲಿಲ್ಲ.
ಬಂದದ್ದೆಲ್ಲಾ ಚೀಟ್ಯಾಗ ಬಂತು:
ಟು ಲೆಟ್. ನೋ ಪಾರ್ಕಿಂಗ್. ಕ್ಯಾಶ್ ಓನ್ಲಿ.
ಮೂವತ್ತು ವರ್ಷ ಬರದೀನಿ, ಒಬ್ಬರೂ ತಿರುಗಿ ಮಾತಾಡಿಸಿಲ್ಲ.

ಒಮ್ಮೆ ಕ್ಲಾಸಿಗೂ ಹೋದೆ. ಭಾಲ್ಕಿ ರೋಡಿನ ಮಾಡಿ ಮ್ಯಾಲ,
ಮಗನ ವಾರಿಗೆ ಹುಡುಗರ ನಡುವ, ಹಿಂದಿನ ಬೆಂಚು.
ಎಂಟು ದಿನ ಬಾಯಿ ಬಿಡಲಿಲ್ಲ.
ಒಂಬತ್ತನೇ ದಿನ ಎಬ್ಬಿಸಿ ನಿಲ್ಲಿಸಿದರು, ಓದಿದೆ:
"ಲಿಸ್ಟನ್."
ಇಡೀ ಖೋಲಿ ನಕ್ಕಿತು.
ಯಾರ ಕೈಯಾಗೂ ಬೆಲ್ಲ ಇರಲಿಲ್ಲ.
ಕೇಳು ಅನ್ನೋ ಮಾತಿನಾಗೇ ಒಂದು ಅಕ್ಷರ
ಕೇಳಸಂಗಿಲ್ಲಂತ! ಮೊದಲೇ ಹೇಳಬೇಕಿಲ್ಲೋ?
ಹತ್ತನೇ ದಿನ ಬಣ್ಣದ ಡಬ್ಬಿ ಹಿಡಕೊಂಡು ಬೀದರಿಗೆ ನಡದೆ.

ನಮ್ಮ ವಾದ ಒಳಗ ಕೇಳಿಸಿತೋ ಏನೋ,
ಡಾಕ್ಟರ್ ತಾವೇ ಹೊರಗ ಬಂದರು, ಕೈಯಾಗ ಚಾ ಕಪ್ಪು.
"ಕಲಬುರ್ಗಿ ಕಾಲೇಜಿಗೆ ಸೇರಿದ ಹೊಸದಾಗ
ನಾನೂ 'ಕನೀ' ಅಂದಿದ್ದೆ, ವೈಜಿನಾಥ.
ಐದು ವರ್ಷ ಅದೇ ಹೆಸರು ಹಿಡಿದು ಕರದ್ರು."
ನಕ್ಕರು. ನಕ್ಕದ್ದು ಪೂರಾ ನಗಿಯಾಗಿರಲಿಲ್ಲ.
ಚಾ ಮುಗಿಸಿ ಒಳಗ ಹೋದರು. ಝರೆಪ್ಪ ಎಣಿಸಿದ
ಒಂಬತ್ತೇ ಅಕ್ಷರ, ಮುನ್ನೂರಾ ಅರವತ್ತು.

ಕಟ್ಟಿ ಮ್ಯಾಲ ಅವ್ವ ಕೂತಾಳ, ಮೊದಲ ಪೇಶಂಟು.
ಎರಡೂ ಕೈ ಊರಿ ಎದ್ದಳು:
ಮೊ. ಣ. ಕಾ. ಲು.
ನಾಕಕ್ಕ ನಾಕೂ ಸಪ್ಪಳ ಮಾಡಿದುವು.
ಓದು ಬಾರದಾಕಿ ಗ್ವಾಡಿ ಕಡಿಗೆ ನೋಡಿ ಕೇಳಿದಳು,
"ಅದರಾಗ ಆ ಮೂಕ ಯಾವುದಪ್ಪಾ?"
ತೋರಿಸಿದೆ.
"ಪಾಪ, ಎಲ್ಲಾರಿಗಿಂತ ಮುಂದ ನಿಂತಾದ ನೋಡು.
ಅದಕ್ಕ ಇನ್ನೊಂದು ಕೈ ಕೆಂಪು ಹೊಡಿ."

ಏಣಿ ಮತ್ತ ಹತ್ತಿದೆ.