ಎಡಗೆನ್ನೆಯ ಗೆರೆ

ಒಳಗೆ ಬಾ, ವುಬ್ಬೊ. ಬಾಗಿಲು ಹಾಕಿಕೋ, ಕಡಲ ಗಾಳಿ.
ಸೈಕಲ್ಲನ್ನು ತಲೆಕೆಳಗು ನಿಲ್ಲಿಸು,
ಸೀಟು ಕೊಳೆಯಾದರೆ ಒರೆಸಿಕೊಡುತ್ತೇನೆ.
ಮೂರು ತಿಂಗಳಿಗೇ ಮುಂದಿನ ಟೈರು ಹೋಯಿತು,
ಕಂಪನಿಯದೇ ದೋಷ, ಅಂತೀಯ.
ಎಲ್ಲರೂ ಹಾಗೇ ಅನ್ನುತ್ತಾರೆ. ನೋಡೋಣ.

ನಲವತ್ತು ವರ್ಷದಿಂದ ಡೆಲ್ಫ್‌ಝೈಲಿನ ಚಕ್ರಗಳನ್ನು
ಹೆಬ್ಬೆರಳಲ್ಲಿ ಓದಿದ್ದೇನೆ.
ನಡುಬೆನ್ನು ಸಪಾಟಾಗಿ ಸವೆದಿದ್ದರೆ ಕಾಯಿಲೆಯಲ್ಲ, ವಯಸ್ಸು:
ನೆಟ್ಟಗೆ ಹೋಗಿ ನೆಟ್ಟಗೆ ಬಂದವರ ಟೈರು.
ಪಕ್ಕೆಯಲ್ಲಿ ಸುಕ್ಕು ಸುಕ್ಕು ಸೀಳಿದ್ದರೆ
ಪಂಪು ಹೊಡೆಯಲು ಸೋಮಾರಿ ಅಂತ ಅರ್ಥ.
ಪಾದ್ರಿ ಟಾಮೆಗೆ ಹತ್ತು ಸಲ ಹೇಳಿದ್ದೇನೆ.
ಒಂದೇ ಕಡೆ ನಾಣ್ಯದಗಲ ಬೋಳಾಗಿದ್ದರೆ
ಹುಡುಗಿಯರ ಮುಂದೆ ಬ್ರೇಕು ಜಗ್ಗಿ ಜಾರಿಸುವ ಪೋರ.
ಗುಳ್ಳೆ ಎದ್ದಿದ್ದರೆ ಒಳಗಿನ ನೂಲು ಹರಿದಿದೆ;
ಅದೂ ಕೊನೆಗೆ ಕಾಣುವುದು, ಅಲ್ಲಿಯ ತನಕ ಎಲ್ಲ ಸರಿ,
ಆಮೇಲೆ ಒಂದು ದಿನ ಪಟಾರ್.
ನನ್ನ ಅಣ್ಣ ಹಾಗೇ ಹೋದ. ಸೈಕಲ್ಲಿನ ಮೇಲಲ್ಲ,
ಊಟದ ಮೇಜಿನ ಮುಂದೆ, ಚಮಚ ಕೈಯಲ್ಲಿ.

ಇದು ಅವು ಯಾವುದೂ ಅಲ್ಲ.
ನಡುಬೆನ್ನಿನ ಗೀರುಗಳು ಇನ್ನೂ ಹೊಸವು.
ಎಡಗೆನ್ನೆಯಲ್ಲಿ ಮಾತ್ರ, ಬಳೆಯ ಹಾಗೆ ಸುತ್ತಲೂ,
ರಬ್ಬರು ತಿಂದು ನೂಲು ಇಣುಕುವಷ್ಟು ಒಂದು ಗೆರೆ.
ಬ್ರೇಕಿನ ಕಟ್ಟೆ ತಾಗಿದ್ದರೆ ರಿಮ್ಮಿನ ಅಂಚಿಗಿರುತ್ತಿತ್ತು.
ಇದು ಒಂದು ಬೆರಳು ಆಚೆ,
ಡೈನಮೋ ಹಲ್ಲೂರುವ ಜಾಗ.
ಅದರ ಮೂಗು ಚಕ್ರದ ಅಚ್ಚನ್ನು ನೋಡಬೇಕು;
ಇದು ಓರೆಯಾಗಿ ಬೀದಿ ನೋಡುತ್ತಿದೆ.
ರಾತ್ರಿ ಯಾರು ಓಡಿಸುತ್ತಾರೆ ಅಂತ ಕೇಳಲು ಬಾಯಿ ತೆರೆದೆ.
ಅಷ್ಟರಲ್ಲಿ ನೀನೇ:
ಇದು ಗೇಸ್ಕೆಯದು. ಬೇಕರಿಗೆ, ಭಾನುವಾರ ಚರ್ಚಿಗೆ, ಅಷ್ಟೆ.
ಕತ್ತಲಾದ ಮೇಲೆ ಅವಳು ಹೊಸಿಲು ದಾಟುವುದಿಲ್ಲ,
ಒಂಬತ್ತಕ್ಕೆಲ್ಲ ಇಬ್ಬರೂ ಮಲಗಿಬಿಡುತ್ತೇವೆ.

ಓ.

ಚಿಮಟ ಹಿಡಿದು ಗೀರುಗಳ ಸಂದಿ ಕೆದಕಿದೆ.
ಚಿಪ್ಪಿನ ಚೂರು. ಕುರಿಹಿಕ್ಕೆ. ಹಸಿ ಜೇಡಿಮಣ್ಣು.
ಬೇಕರಿಯ ರಸ್ತೆ ಇಟ್ಟಿಗೆಯದು, ಚರ್ಚಿನದೂ ಇಟ್ಟಿಗೆಯದೇ.
ಚಿಪ್ಪು ಹಾಸಿದ ದಾರಿ ಈ ಕಡೆ ಒಂದೇ:
ಕುರಿ ಮೇಯುವ ಕಡಲೊಡ್ಡಿನ ಮೇಲೆ ಹತ್ತಿ ಹಳೆಯ ತೂಬಿನವರೆಗೆ,
ಆಮೇಲೆ ಬರೀ ಎಂಸ್ ನದಿಯ ಬಾಯಿ,
ಅದರಾಚೆ ಜರ್ಮನಿಯ ನಾಲ್ಕು ದೀಪ.
ಗೆರೆಯ ಆಳ ಅಳೆದರೆ ರಾತ್ರಿಗಳ ಲೆಕ್ಕ ಸಿಗುತ್ತದೆ.
ಅಳೆಯಲಿಲ್ಲ.
ಅಲ್ಲಿ ಯಾರೋ ಇರಬಹುದು. ಯಾರೂ ಇಲ್ಲದೆಯೂ ಇರಬಹುದು.
ಅರವತ್ತೆಂಟರ ಹೆಂಗಸು ಕುರಿಗಳ ನಡುವೆ ನಿಂತು
ನೀರು ಇಳಿಯುವುದನ್ನು ನೋಡಬಾರದು ಅಂತ
ಯಾವ ಕಾನೂನಿದೆ?

ಏನು ದೋಷ, ಫೆನ್ನಾ, ಅಂದೆ ನೀನು
ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ.
ಕಂಪನಿಯದೇ, ಅಂದೆ ನಾನು. ರಬ್ಬರು ಕಲಬೆರಕೆ.
ನಲವತ್ತು ವರ್ಷದಲ್ಲಿ ನಾನು ಹೇಳಿದ ಮೊದಲ ಸುಳ್ಳು.
ಅಲ್ಲ, ಎರಡನೆಯದು:
ಅವನಿಗೆ ನೋವೇ ಆಗಲಿಲ್ಲ ಅಂತ ಅತ್ತಿಗೆಗೆ ಹೇಳಿದ್ದೆ.

ನೀನು ಕಾಫಿಗೆ ಹೋದಾಗ ಹೊಸ ಟೈರು ಹಾಕಿದೆ,
ದಪ್ಪ ಪಕ್ಕೆಯದು.
ಡೈನಮೋದ ಬೋಲ್ಟು ಸಡಿಲಿಸಿ, ದಾರ ಹಿಡಿದು,
ಮೂಗನ್ನು ಅಚ್ಚಿಗೆ ನೇರ ಮಾಡಿದೆ,
ಕೂದಲೆಳೆಯಷ್ಟೂ ಅತ್ತಿತ್ತ ಇಲ್ಲದಂತೆ.
ಬಲ್ಬೂ ಹೊಸದು. ಬಿಲ್ಲಿನಲ್ಲಿ ಬರೆಯಲಿಲ್ಲ.

ಈಗ ಹನ್ನೊಂದೂವರೆ. ಅಂಗಡಿಯ ಮೇಲಿನ ಕೋಣೆ.
ಎಷ್ಟೋ ದಿನದಿಂದ ಈ ಹೊತ್ತಿಗೆ ಏನೋ ಒಂದು
ಕಿರ್ರೆಂದು ಕೆಳಗೆ ಹಾಯುತ್ತಿತ್ತು,
ನೀರುಹಕ್ಕಿ ಇರಬೇಕು ಅಂದುಕೊಂಡಿದ್ದೆ.
ಇವತ್ತು ಸದ್ದೇ ಇಲ್ಲ.
ಪರದೆಯ ಮೇಲೆ ಒಂದು ಬೆಳಕು
ಎಡದಿಂದ ಬಲಕ್ಕೆ ಹೋಯಿತು,
ತಡವರಿಸದೆ.